ಚೈನೀಸ್ ಎಂಬ ಊಟವಿಲ್ಲ

"ಇದು ಚೈನೀಸೇ ಅಲ್ಲ ಮಾರಾಯ್ರೇ!"

ದುಬೈಯ ದೇರಾದಲ್ಲಿ ಒಂದು ಸಿಚುವಾನ್ ಹೋಟೆಲಿನ ಮೇಜಿನ ಮುಂದೆ ಕುಳಿತು ನಮ್ಮವರೊಬ್ಬರು ಹೀಗೆ ತೀರ್ಪಿತ್ತರು. ಅಡುಗೆ ಮಾಡಿದವನು ಸಿಚುವಾನಿನ ಚೆಂಗ್ದು ಪಟ್ಟಣದವನು. ತೀರ್ಪು ಕೊಟ್ಟವರು ಕಾಸರಗೋಡಿನವರು.

ಸೋದರಳಿಯನ ಮನೆಗೆ ಹೋಗಿದ್ದಾಗಿನ ಮಾತು. ಅವನ ಇಬ್ಬರು ಗೆಳೆಯರು, ಒಬ್ಬ ಕನ್ನಡದವ, ಇನ್ನೊಬ್ಬ ಮಲೆಯಾಳದವ, ನಮ್ಮ ಜತೆಗಿದ್ದರು. ಕುಳಿತೊಡನೆ ಗೋಬಿ ಮಂಚೂರಿ ಕೇಳಿದರು. ಇಲ್ಲವೆಂದಾಗ ಇಬ್ಬರ ಮುಖವೂ ಒಂದೇ ರೀತಿ ಬಾಡಿತು. ಈ ವಿಷಯದಲ್ಲಿ ಮಾತ್ರ ನಮ್ಮ ಎರಡು ಭಾಷೆಗಳ ನಡುವೆ ತಕರಾರೇ ಇಲ್ಲ!

ಬಂದದ್ದು ಮೀನು. ದೊಡ್ಡ ಬೋಗುಣಿಯ ತುಂಬ ಕೆಂಪೆಣ್ಣೆ, ಮೇಲೆ ತೇಲುವ ಒಣಮೆಣಸು, ನಡುನಡುವೆ ಕಂದುಬಣ್ಣದ ಸಣ್ಣ ಸಿಪ್ಪೆಗಳು. ಇದರ ಚೀನೀ ಹೆಸರಿಗೆ 'ನೀರಿನಲ್ಲಿ ಬೇಯಿಸಿದ ಮೀನು' ಎಂದಷ್ಟೇ ಅರ್ಥವಂತೆ. ಒಂದು ತುತ್ತು ತಿಂದ ಗೆಳೆಯ ನಾಲಗೆ ಮರಗಟ್ಟಿತೆಂದು ಗಾಬರಿಗೊಂಡು, ಎಣ್ಣೆಗೆ ಏನೋ ಕೆಮಿಕಲ್ ಬೆರೆಸಿದ್ದಾರೆ ಎಂದ. ನಾನು ಇನ್ನೊಂದು ತುತ್ತು ತಿಂದೆ. ಅಜ್ಜಿಯ ಬಂಗುಡೆ ಸಾರು ನೆನಪಾಯಿತು. ಅದು ಜುಮ್ಮನಕಾಯಿಯ ಜುಮ್ಮು! ಕೊಂಕಣಿಯವರು ತೆಪ್ಪಳ ಎನ್ನುವುದೂ ಇದನ್ನೇ. ಸಿಚುವಾನಿನ ಹ್ವಾಜ್ಯಾವೊ ಮತ್ತು ನಮ್ಮ ಜುಮ್ಮನಕಾಯಿ ಒಂದೇ ಸಸ್ಯಕುಲದ ದಾಯಾದಿಗಳು. ಅಜ್ಜಿ ಕಪ್ಪು ಬೀಜವನ್ನು ಎಸೆದು ಸಿಪ್ಪೆಯನ್ನಷ್ಟೇ ಜಜ್ಜಿ ಸಾರಿಗೆ ಹಾಕುತ್ತಿದ್ದಳು. ಚೆಂಗ್ದುವಿನ ಅಜ್ಜಿಯರೂ ಬೀಜ ಎಸೆದು ಸಿಪ್ಪೆಯನ್ನೇ ಬಳಸುತ್ತಾರೆ. ಇನ್ನು ಮೆಣಸಿನಕಾಯಿಯೆಂದರೆ, ಅದು ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದ ನೆಂಟ.

ಹೀಗಿದ್ದರೂ ನಮಗೆ ಅದು 'ಚೈನೀಸ್ ಅಲ್ಲ'. ಯಾಕೆಂದರೆ ಪೇಟೆಯ ತಳ್ಳುಗಾಡಿಯಲ್ಲಿ ನಾವು ತಿಂದ 'ಶೆಜ್ವಾನ್' ಹೀಗಿರಲಿಲ್ಲ. ಆ ಸಾಸಿನಲ್ಲಿ ಮೆಣಸು, ಬೆಳ್ಳುಳ್ಳಿ ಧಾರಾಳ. ಸಿಚುವಾನಿಗೆ ಹೆಸರು ತಂದ ಆ ಜುಮ್ಮು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ನಕಲನ್ನು ಕೈಯಲ್ಲಿ ಹಿಡಿದು ಅಸಲನ್ನು ಪರೀಕ್ಷೆಗೆ ಕರೆಯುವ ಈ ಧೈರ್ಯ ನಮಗೆಲ್ಲಿಂದ ಬಂತು?

ನಾನು ಗೋಬಿ ಮಂಚೂರಿಯ ವೈರಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಕಲ್ಕತ್ತೆಯ ಟಾಂಗ್ರಾದ ಹಕ್ಕಾ ಚೀನೀಯರು ತಮ್ಮ ಬಾಣಲೆಗೆ ನಮ್ಮ ಹಸಿಮೆಣಸು ಹಾಕಿ ಹೊಸ ಅಡುಗೆಯನ್ನೇ ಕಟ್ಟಿದರು. 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಅವರು ಚಿಕನ್ ಮಂಚೂರಿಯನ್ ಹುಟ್ಟುಹಾಕಿದರೆಂದು ಪ್ರಸಿದ್ಧಿ. ಮಂಚೂರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮದೇ ತಿಂಡಿ, ರುಚಿಯಾದ ತಿಂಡಿ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಅದರ ಕೃತಕ ಬಣ್ಣವನ್ನು ನಿಷೇಧಿಸಿದ ಮೇಲೆ ಇನ್ನೂ ಒಳ್ಳೆಯದು. ತಿನ್ನೋಣ. ಆದರೆ ಅದನ್ನು ಚೀನದ ಅಳತೆಗೋಲು ಮಾಡುವುದು ಬೇಡ. ಎಂಟು ಕೋಟಿಗೂ ಮಿಕ್ಕಿ ಜನರಿರುವ ಸಿಚುವಾನ್ ಆ ದೇಶದ ಒಂದು ಪ್ರಾಂತ ಮಾತ್ರ. ಹುನಾನಿನ ಖಾರವೇ ಬೇರೆ. ಕ್ಯಾಂಟನ್ನಿನವರು ಮೀನನ್ನು ಶುಂಠಿಯೊಂದಿಗೆ ಹಬೆಯಲ್ಲಿ ಬೇಯಿಸಿ ಖಾರವಿಲ್ಲದೆಯೇ ಉಣ್ಣುತ್ತಾರೆ.

ಉಳಿದವರು ತಪ್ಪಿದರೆ ಕ್ಷಮಿಸಬಹುದು. ನಾವು, ಗಡಿನಾಡಿನವರು, ತಪ್ಪಬಹುದೇ? 1956ರ ನವೆಂಬರ್ 1ರಿಂದ ನಮ್ಮ ಪಾಡು ಇದೇ ತಾನೆ? ಬೆಂಗಳೂರಿಗೆ ಹೋದರೆ 'ಕೇರಳದವರಾ? ಕನ್ನಡ ಚೆನ್ನಾಗಿ ಕಲಿತಿದ್ದೀರಿ' ಎನ್ನುತ್ತಾರೆ. ತಿರುವನಂತಪುರದಲ್ಲಿ ನಮ್ಮ ಮಲೆಯಾಳ ಕೇಳಿ ನಗುತ್ತಾರೆ. ದಿಲ್ಲಿಗೆ ಹೋದರೆ ಎಲ್ಲರೂ ಮದ್ರಾಸಿಗಳು. ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿಗಳೆಲ್ಲ ಕೂಡಿ ಬಾಳುವ ಊರಿನಿಂದ ಬಂದು, ದೇರಾದ ಮೇಜಿನಲ್ಲಿ ನೂರಮೂವತ್ತು ಕೋಟಿಗೂ ಮಿಕ್ಕಿದ ಜನರನ್ನು ಒಂದೇ ಸಾಸಿನಲ್ಲಿ ಅದ್ದಿಬಿಟ್ಟೆವಲ್ಲ! ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುವವರು ನಾವು. ನೆರೆಯ ಮಲೆಯಾಳದವರ ಬಾಣಲೆ ಚೀನಚಟ್ಟಿ.

ಬಿಲ್ಲು ತಂದ ಹುಡುಗಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಬೋಗುಣಿಯನ್ನು ನೋಡಿ, "ಖಾರ ಹೆಚ್ಚಾಯಿತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗೆಳೆಯರು ಮೊಬೈಲು ನೋಡುತ್ತಿದ್ದರು. ನಾನು ಕಟ್ಟಿಕೊಡಲು ಹೇಳಿದೆ. ಮರುದಿನ ಅಳಿಯನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯೊಂದಿಗೆ ಅದನ್ನು ಉಂಡೆ. "ಮಾವ, ನನಗೂ ಸ್ವಲ್ಪ" ಎಂದು ಅವನೂ ತಟ್ಟೆ ತಂದ.