ಕಿವಿ ಎಂಬ ಅಮಾನತ್ತು

ಧ್ವನಿವರ್ಧಕಗಳ ಕುರಿತು 2022ರಲ್ಲಿ ರಾಜ್ಯದಾದ್ಯಂತ ವಿವಾದವೆದ್ದಾಗ ‘ಡೆಸಿಬಲ್’ ಎಂಬ ಪದ ನಮ್ಮ ಮೊಹಲ್ಲಾಗಳ ದಿನನಿತ್ಯದ ಮಾತಿಗೆ ಬಂತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಎಂಬ, 2000ದ ಶಬ್ದಮಾಲಿನ್ಯ ನಿಯಮಾವಳಿಯ ಅಂಕೆಗಳನ್ನು ಮಸೀದಿ ಕಮಿಟಿಯ ಹಿರಿಯರು ಬಾಯಿಪಾಠ ಮಾಡಿಕೊಂಡರು. ಮಿನಾರದ ಧ್ವನಿಗೆ ಅಳತೆ ಬಿತ್ತು. ಆದರೆ ಅದೇ ಮಸೀದಿಯಲ್ಲಿ ನಮಾಝ್ ಮುಗಿಸಿ, ಮೆಟ್ಟಿಲಿಳಿಯುವಷ್ಟರಲ್ಲಿ ಎರಡೂ ಕಿವಿಗೆ ಇಯರ್‌ಬಡ್ ತುರುಕಿಕೊಳ್ಳುವ ಹದಿನೈದರ ಹುಡುಗನ ಕಿವಿಯೊಳಗಿನ ಶಬ್ದವನ್ನು ನಾವು ಯಾರೂ ಅಳೆಯಲಿಲ್ಲ.

ರಾಯಾಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿರಿ. ಹುಬ್ಬಳ್ಳಿಗೋ ಧಾರವಾಡಕ್ಕೋ ಕಾಲೇಜಿಗೆ ಹೊರಟ ಮಕ್ಕಳು ಚಿಗರಿಗಾಗಿ ಕಾಯುತ್ತಾರೆ. ಲಾರಿಗಳ ಹಾರ್ನು, ಎಂಜಿನ್ನುಗಳ ಗದ್ದಲ. ಅದನ್ನು ಮೀರಿ ಕೇಳಿಸಬೇಕಾದರೆ ಫೋನಿನ ಶಬ್ದವನ್ನು ಏರಿಸಲೇಬೇಕು. ಏರಿಸುತ್ತಾರೆ. ಬಸ್ಸು ಇಳಿದ ಮೇಲೆ ಇಳಿಸುವವರು ವಿರಳ. ಬೀದಿಯ ಗದ್ದಲವನ್ನು ಸೋಲಿಸಲು ಇಟ್ಟ ಅಳತೆಯೇ ರಾತ್ರಿ ಹಾಸಿಗೆಯ ಮೌನದಲ್ಲೂ ಮುಂದುವರಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದದ್ದು 80 ಡೆಸಿಬಲ್. ಮಕ್ಕಳಿಗೆ ಅದು 75. ಇಲ್ಲಿನ ಲೆಕ್ಕ ನಾವು ಅಂಗಡಿಯಲ್ಲಿ ಮಾಡುವ ಕೂಡುವ ಲೆಕ್ಕವಲ್ಲ. ಪ್ರತಿ 3 ಡೆಸಿಬಲ್ ಏರಿದಂತೆ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. 100ಕ್ಕೆ ಏರಿಸಿದರೆ ಇಡೀ ವಾರಕ್ಕೆ ಸುಮಾರು ಇಪ್ಪತ್ತು ನಿಮಿಷ. ರಾಯಾಪುರದಿಂದ ಧಾರವಾಡ ಮುಟ್ಟುವಷ್ಟರಲ್ಲಿ ವಾರದ ಪಾಲೇ ಮುಗಿದುಹೋದೀತು. 2025ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ ರಾಜ್ಯಗಳಿಗೆ ಪತ್ರ ಬರೆದು, ಇಂಥ ಸಾಧನಗಳ ಬಳಕೆ ದಿನಕ್ಕೆ ಎರಡು ಗಂಟೆ ಮೀರದಿರಲಿ ಎಂದು ಸೂಚಿಸಿತು.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ಸಮಾಧಾನವಿದೆ. ಸಂಗೀತದ ಕುರಿತು ಉಲಮಾಗಳ ನಡುವಿನ ಚರ್ಚೆ ಹಳೆಯದು. ಅದನ್ನು ಈ ಲೇಖನದಲ್ಲಿ ಬಿಡಿಸುವ ಉದ್ದೇಶ ನನಗಿಲ್ಲ. ಆದರೆ ‘ನಮ್ಮ ಹುಡುಗ ಸಿನಿಮಾ ಹಾಡು ಕೇಳುವುದಿಲ್ಲ, ನಾತ್ ಕೇಳುತ್ತಾನೆ, ಕಿರಾಅತ್ ಕೇಳುತ್ತಾನೆ’ ಎಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸುವ ತಂದೆತಾಯಿಗಳಿದ್ದಾರೆ. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳಿಗೆ ನಾತ್ ಯಾವುದು, ಸಿನಿಮಾ ಹಾಡು ಯಾವುದು ಎಂದು ತಿಳಿಯದು. ಅವಕ್ಕೆ ತಟ್ಟುವುದು ಕಂಪನ ಮಾತ್ರ. ಒಮ್ಮೆ ನಾಶವಾದರೆ ಅವು ಮತ್ತೆ ಚಿಗುರುವುದಿಲ್ಲ. ಏನನ್ನು ಕೇಳಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಮಾತ್ರಕ್ಕೆ ಎಷ್ಟು ಜೋರಾಗಿ ಎಂಬ ಪ್ರಶ್ನೆ ಇಲ್ಲವಾಗುವುದಿಲ್ಲ.

ದೀನ್ ಈ ಎರಡನೆಯ ಪ್ರಶ್ನೆಯನ್ನೂ ಬಿಟ್ಟಿಲ್ಲ. ಕಿವಿ, ಕಣ್ಣು, ಹೃದಯ ಇವೆಲ್ಲದರ ಬಗ್ಗೆಯೂ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ (17:36) ಎಚ್ಚರಿಸುತ್ತದೆ. ಲುಕ್ಮಾನರು ಮಗನಿಗೆ ಕೊಟ್ಟ ಉಪದೇಶದಲ್ಲಿ ದನಿ ತಗ್ಗಿಸುವ ಮಾತೂ ಇದೆ (31:19). ಅಬೂದಾವೂದ್ ಗ್ರಂಥದಲ್ಲಿ ಬರುವ ಒಂದು ಘಟನೆಯಂತೂ ನನಗೆ ಬಹಳ ಪ್ರಿಯ. ಒಂದು ರಾತ್ರಿ ಪ್ರವಾದಿ ಮುಹಮ್ಮದ್(ಸ)ರು ಅಬೂಬಕರ್(ರ)ರು ಮೆಲುದನಿಯಲ್ಲೂ ಉಮರ್(ರ)ರು ಏರುದನಿಯಲ್ಲೂ ನಮಾಝಿನಲ್ಲಿ ಪಾರಾಯಣ ಮಾಡುವುದನ್ನು ಕೇಳುತ್ತಾರೆ. ಇಬ್ಬರ ಉದ್ದೇಶವೂ ಶುದ್ಧ. ಇಬ್ಬರೂ ತಮ್ಮ ಕಾರಣವನ್ನು ಚೆನ್ನಾಗಿಯೇ ವಿವರಿಸಿದರು. ಆದರೂ ಒಬ್ಬರಿಗೆ ಸ್ವಲ್ಪ ಏರಿಸಲು, ಇನ್ನೊಬ್ಬರಿಗೆ ಸ್ವಲ್ಪ ಇಳಿಸಲು ಹೇಳಲಾಯಿತು. ಓದುತ್ತಿದ್ದದ್ದು ಕುರ್‌ಆನ್. ಅದಕ್ಕೂ ಶಬ್ದದ ಮಿತಿ ಇತ್ತು!

ಮದ್ರಸಾದಲ್ಲಿ ಪಾಠ ಹೇಳುವವನಾಗಿ ನನ್ನ ಚಿಂತೆ ಇನ್ನೂ ಒಂದಿದೆ. ಜೋರು ಶಬ್ದದಿಂದಾಗುವ ಕಿವುಡು ಒಮ್ಮೆಗೇ ಬರುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದುಗಳು. ಮಾತಿನ ಸ್ವರಗಳು ಕೇಳಿಸುತ್ತಲೇ ಇರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮಸುಕಾಗುವುದು ಸ, ಶದಂತಹ ಊಷ್ಮ ವ್ಯಂಜನಗಳು. ಅರಬಿಯ ಸೀನ್, ಸ್ವಾದ್, ಥಾ ಅಕ್ಷರಗಳ ನಡುವಿನ ಭೇದವನ್ನು ಕಿವಿಯಿಂದಲೇ ಕಲಿಯಬೇಕಾದ ಮಗುವಿಗೆ ಇದು ಸಣ್ಣ ನಷ್ಟವಲ್ಲ. (ಕನ್ನಡದ ಶಕಾರ ಸಕಾರಗಳ ಗತಿಯಂತೂ ನಮ್ಮಲ್ಲಿ ಮೊದಲೇ ಅಷ್ಟಕ್ಕಷ್ಟೆ.) ಹಿಫ್ಝ್ ಮಾಡುವ ಮಕ್ಕಳು ಗಂಟೆಗಟ್ಟಲೆ ಇಯರ್‌ಫೋನಿನಲ್ಲಿ ಕಾರಿಗಳನ್ನು ಆಲಿಸುತ್ತಾರೆ. ಅವರ ವಿಷಯದಲ್ಲಿ ಉಸ್ತಾದರು ಇನ್ನಷ್ಟು ಕಟ್ಟುನಿಟ್ಟಾಗಬೇಕು. ಕೋಣೆ ನಿಶ್ಶಬ್ದವಾಗಿದ್ದರೆ ಫೋನಿನ ಸ್ಪೀಕರೇ ಸಾಕು.

ರಸ್ತೆಬದಿ ಕೂರುವವರು ರಸ್ತೆಯ ಹಕ್ಕನ್ನು ಸಲ್ಲಿಸಬೇಕು, ಸಲಾಮಿಗೆ ಉತ್ತರಿಸುವುದು ಅದರಲ್ಲೊಂದು ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಎರಡೂ ಕಿವಿ ಮುಚ್ಚಿಕೊಂಡವನಿಗೆ ಸಲಾಮೇ ಮುಟ್ಟುವುದಿಲ್ಲ. ಸಲಾಮಷ್ಟೇ ಅಲ್ಲ, ನಮ್ಮ ಚಿಗರಿ ನಿಲ್ದಾಣಗಳಿರುವುದು ರಸ್ತೆಯ ನಡುವೆ. ಬಸ್ಸು ಹತ್ತಲು ಸಾಮಾನ್ಯವಾಗಿ ಅರ್ಧ ರಸ್ತೆಯನ್ನಾದರೂ ದಾಟಲೇಬೇಕು.

ಇನ್ನು ಬೀಗದ ವಿಷಯ. ಶಬ್ದ ಒಂದು ಮಟ್ಟ ಮೀರಿದರೆ ಫೋನು ಎಚ್ಚರಿಕೆ ತೋರಿಸುತ್ತದೆ. ಮಕ್ಕಳು ಓದದೆಯೇ ಅದನ್ನು ಒತ್ತಿ ದಾಟುತ್ತಾರೆ. ಆದ್ದರಿಂದ ಎಚ್ಚರಿಕೆ ಸಾಲದು, ಮಿತಿಯನ್ನೇ ಕಟ್ಟಬೇಕು ಎಂಬುದು ನನ್ನ ಅಭಿಪ್ರಾಯ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಫೋನ್ ಸುರಕ್ಷತೆಯ ವಿಭಾಗದಲ್ಲಿ ಡೆಸಿಬಲ್ ಮಿತಿ ಇಡಬಹುದು. ಹಲವು ಆಂಡ್ರಾಯ್ಡ್ ಫೋನುಗಳ ಶಬ್ದದ ಸೆಟ್ಟಿಂಗ್‌ನಲ್ಲೂ ಮಿತಿಯುಂಟು, ಕೆಲವದರಲ್ಲಿ ಪಿನ್ ಹಾಕಿ ಭದ್ರಪಡಿಸಲೂ ಬರುತ್ತದೆ. ಆದರೆ ಪರದೆಯ ಮೇಲಿನ 60 ಶೇಕಡಾ ಎಂದರೆ 60 ಡೆಸಿಬಲ್ ಅಲ್ಲ. ಯಾವ ಇಯರ್‌ಫೋನು ಸಿಕ್ಕಿಸಿದ್ದೇವೆ ಎಂಬುದರ ಮೇಲೆ ಅದೇ ಗೆರೆ ಮೆಲ್ಲಗೂ ಇರಬಹುದು, ವಿಪರೀತ ಜೋರಾಗಿಯೂ ಇರಬಹುದು. ಪೇಟೆಯಲ್ಲಿ ಸಿಗುವ ಹೆಸರಿಲ್ಲದ ನೆಕ್‌ಬ್ಯಾಂಡಿನ ಶಕ್ತಿ ಎಷ್ಟೆಂದು ಫೋನಿಗೂ ಗೊತ್ತಿರುವುದಿಲ್ಲ. ಮಗು ಕೇಳುತ್ತಿರುವಾಗ ಒಂದು ತೋಳಿನ ದೂರದಿಂದ ಸಹಜ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ತಿರುಗಲಿಲ್ಲವೆಂದರೆ ಜೋರಾಗಿದೆ ಎಂದೇ ತಿಳಿಯಿರಿ.

ಸತ್ಯ ಹೇಳಬೇಕೆಂದರೆ, ಇಯರ್‌ಫೋನು ಹಲವು ಮನೆಗಳಲ್ಲಿ ಹಿರಿಯರಿಗೇ ಅನುಕೂಲ. ಮಗ ಮೂಲೆಯಲ್ಲಿ ಸುಮ್ಮನಿರುತ್ತಾನೆ, ಅಬ್ಬಾ ಸುದ್ದಿ ನೋಡುತ್ತಾರೆ, ಅಮ್ಮಿಗೆ ತಲೆನೋವಿಲ್ಲ. ಈ ಮೌನದ ಬೆಲೆಯನ್ನು ತೆರುತ್ತಿರುವುದು ಅವನ ಕಿವಿ. ಮಿತಿಯ ಗೆರೆಯನ್ನು ಮೊದಲು ತಂದೆಯ ಫೋನಿನಲ್ಲಿ, ಮಕ್ಕಳ ಎದುರಿನಲ್ಲೇ ಇಡುವುದು ಒಳ್ಳೆಯದು. ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ ಎಂದು ಮಗು ಹೇಳಿದರೆ ಎಣ್ಣೆ ಬಿಟ್ಟು ಕಾಯುತ್ತ ಕೂರದೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದೊಯ್ದು ಶ್ರವಣ ಪರೀಕ್ಷೆ ಮಾಡಿಸಿರಿ; ರಾಯಾಪುರದಿಂದ ಅದು ದೂರವೇನಲ್ಲ.