ತಾಯಂದಿರ ಅರ್ಧ ಗಂಟೆ

"ದಿನವಿಡೀ ಮನೆಯಲ್ಲಿ ದುಡಿಯುವವಳಿಗೆ ಬೇರೆ ವ್ಯಾಯಾಮವೇಕೆ?" ಎನ್ನುವವರು ನಮ್ಮ ಕಾರ್ಮಿಕ ಬಂಧುಗಳಲ್ಲೂ ವರ್ತಕ ಮಿತ್ರರಲ್ಲೂ ಉಂಟು. ಈ ಮಾತನ್ನು ನಾವು ಒಪ್ಪಲಾರೆವು.

ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರುವುದು, ರಕ್ತದೊತ್ತಡ 130/85ಕ್ಕೆ ಏರುವುದು, ಬರಿಹೊಟ್ಟೆಯ ಸಕ್ಕರೆ 100 ಮುಟ್ಟುವುದು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚುವುದು, ಒಳ್ಳೆಯ ಕೊಲೆಸ್ಟ್ರಾಲ್ ಕುಗ್ಗುವುದು: ಈ ಐದರಲ್ಲಿ ಮೂರು ಕೂಡಿದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ನೋವಿಲ್ಲದೆ ಬಂದು ಹೃದಯಾಘಾತಕ್ಕೂ ಲಕ್ವಕ್ಕೂ ದಾರಿ ಮಾಡುತ್ತದೆ. ಆಮೇಲೆ ಔಷಧದಂಗಡಿಯ ಬಾಕಿ ತೀರುವುದೇ ಇಲ್ಲ.

ಒಲೆಯ ಮುಂದೆ ನಿಂತ, ಬೀಡಿ ಕಟ್ಟುತ್ತ ಕುಳಿತ ಗಂಟೆಗಳು ದಣಿವು ತರುತ್ತವೆಯೇ ಹೊರತು ಉಸಿರು ಚುರುಕಾಗಿಸುವ ನಡಿಗೆಯ ಫಲವನ್ನು ಕೊಡವು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದೂ ಕಸರತ್ತೇ. ತೂಕ ಹೆಚ್ಚೇನೂ ಇಳಿಯದಿದ್ದರೂ ಒತ್ತಡ, ಸಕ್ಕರೆ ಹತೋಟಿಗೆ ಬರಲು ಇದು ನೆರವಾಗುತ್ತದೆ. ಔಷಧ ನಿಲ್ಲಿಸದೆ, ವೈದ್ಯರನ್ನು ಕೇಳಿ ಆರಂಭಿಸಬೇಕು.

ಆದರೆ ನಡೆಯಲು ಜಾಗವೆಲ್ಲಿ? ನಗರಸಭೆಯು ಶಾಲಾ ಮೈದಾನಗಳನ್ನು ಸಂಜೆ ಹೆಂಗಸರಿಗೆ ತೆರೆಯಲಿ, ದೀಪ ಹಾಕಿಸಲಿ, ಕಲಿಸುವವರನ್ನು ನೇಮಿಸಲಿ ಎಂದು ನಾವು ಒತ್ತಾಯಿಸುತ್ತೇವೆ.

ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ ನಾವು ಮನೆಯ ತಾಯಿಗೆ ಅರ್ಧ ಗಂಟೆ ಬಿಡುವು ಕೊಡದಿದ್ದರೆ ನಮ್ಮ ಸಮಾಜವಾದ ಹೊಸ್ತಿಲಾಚೆಯೇ ಉಳಿದಂತೆ. ಆ ಹೊತ್ತು ಒಲೆಯನ್ನು ನಾವು ನೋಡಿಕೊಳ್ಳೋಣ.