ಗೋಡೆಯ ಮೇಲಿನ ಆಫ್ರಿಕಾ, ಬಾಗಿಲಾಚೆಯ ಆಫ್ರಿಕಾ

ಪುಣೆಯ ಕೊಂಢವಾದಲ್ಲಿ ನಮ್ಮ ಕೂಟದ ತಿಂಗಳ ಸಭೆ ನಡೆಯುವುದು ಒಬ್ಬ ಹಿರಿಯ ಸದಸ್ಯರ ಕಚೇರಿಯಲ್ಲಿ. ಮನೆ ಹುಡುಕಿಕೊಡುವುದು, ಬಾಡಿಗೆ ಕರಾರುಪತ್ರ ಮಾಡಿಸಿಕೊಡುವುದು ಅವರ ವೃತ್ತಿ. ಭಾನುವಾರ ಸಂಜೆ ಷಟರನ್ನು ಅರ್ಧಕ್ಕೆ ಎಳೆದು, ಅವರದೇ ಖರ್ಚಿನ ಚಹಾ ಕುಡಿಯುತ್ತ ನಾವು ಪಂಪನನ್ನೂ ಬೇಂದ್ರೆಯವರನ್ನೂ ಓದುತ್ತೇವೆ. ಈ ಉಪಕಾರವನ್ನು ಮರೆತು ಬರೆಯುತ್ತಿಲ್ಲ. ಮರೆಯಲಾಗದ್ದರಿಂದಲೇ ಇದನ್ನು ಬರೆಯುವುದು ಕಷ್ಟವಾಗಿದೆ.

ಕಳೆದ ದೀಪಾವಳಿಗೆ ಮುಂಚೆ ಆ ಕಚೇರಿಗೆ ಹೊಸ ಬಣ್ಣ ಬಳಿಸಿದರು. ಬೋಳು ಗೋಡೆ ಗಿರಾಕಿಗಳ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ‘ಆಫ್ರಿಕಾದ ವನ್ಯಜೀವಿಗಳು’ ಎಂಬ ಆರು ಚಿತ್ರಗಳ ಕಟ್ಟನ್ನು ತರಿಸಿ ತೂಗುಹಾಕಿದರು. ಚೌಕಟ್ಟೂ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಮುಳುಗುವ ಸೂರ್ಯನೆದುರು ಸಿಂಹ, ಹಿಮದ ಬೆಟ್ಟದ ಮುಂದೆ ಜಿರಾಫೆಗಳು, ಜೀಬ್ರಾ, ಚಿರತೆ, ಆನೆ, ಕೊಡೆಯಂತೆ ಹರಡಿದ ಜಾಲಿಯ ಮರದಡಿ ಒಂದು ಹುಲಿ. ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ಆನೆಯ ಕಿವಿ ಚಿಕ್ಕದು, ಬೆನ್ನು ಉಬ್ಬು: ಆಫ್ರಿಕಾದ ಆನೆಗೆ ಹೆಗಲು ಮುಚ್ಚುವಷ್ಟು ದೊಡ್ಡ ಕಿವಿ, ತಗ್ಗಿದ ಬೆನ್ನು. ಚಿತ್ರದಲ್ಲಿದ್ದುದು ನಮ್ಮ ದಸರೆಯ ಅಂಬಾರಿ ಹೊರುವ ಜಾತಿಯದು. ಆರರಲ್ಲಿ ಒಂದರ ಮೇಲೂ ಬರೆದವರ ಹೆಸರಿರಲಿಲ್ಲ.

ಆ ಸಂಜೆ ನಮ್ಮ ಕೂಟ ಎರಡು ಪಕ್ಷವಾಯಿತು. ಆ ಎರಡೂ ಪಕ್ಷಗಳು ತಪ್ಪೆಂಬುದು ನಮ್ಮ ವಾದ.

ಮೊದಲ ಪಕ್ಷದವರು, ಇವು ಅಗ್ಗದ ಅಚ್ಚಿನ ಚಿತ್ರಗಳು, ಸಾಹಿತ್ಯದ ಕೂಟ ಸೇರುವ ಕೋಣೆಗೆ ಒಪ್ಪುವುದಿಲ್ಲ, ತೂಗುಹಾಕಿದರೆ ಅಸಲು ಕೃತಿಯನ್ನೇ ಹಾಕಬೇಕು ಎಂದರು. ಪುಣೆಯಲ್ಲಿ ಕುಳಿತು ಈ ಮಾತನ್ನಾಡುವವರಿಗೆ ತಾವಿರುವ ಊರಿನ ಚರಿತ್ರೆ ತಿಳಿಯದು. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಚಿತ್ರಶಾಲಾ ಮುದ್ರಣಾಲಯವನ್ನು ಸ್ಥಾಪಿಸಿದ್ದು ಈ ಊರಿನಲ್ಲೇ. ದೇವದೇವತೆಯರ, ಇತಿಹಾಸಪುರುಷರ ಬಣ್ಣದ ಚಿತ್ರಗಳು ಬಡವರ ಗೋಡೆಗೂ ಏರಿದ್ದು ಅಂಥ ಮುದ್ರಣದಿಂದ. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಅನಂತರ ಇಲ್ಲಿಗೆ ಸಮೀಪದ ಲೋಣಾವಳದ ಬಳಿಯ ಮಳವಲಿಗೆ ಬಂತು. ನಮ್ಮ ಅಜ್ಜಿಯರು ಕೈಮುಗಿದ ಸರಸ್ವತಿ, ಲಕ್ಷ್ಮಿಯರು ಅಚ್ಚಿನಿಂದ ಇಳಿದವರೇ. ಕಲಬುರಗಿಯ ಎಸ್.ಎಂ. ಪಂಡಿತರು ಬರೆದ ದೇವರುಗಳು ಕ್ಯಾಲೆಂಡರುಗಳಾಗಿ ಕಿರಾಣಿ ಅಂಗಡಿಯಿಂದ ಹಿಡಿದು ಕ್ಷೌರದಂಗಡಿಯವರೆಗೆ ತೂಗಿದವು. ಅಗ್ಗವೆಂಬುದು ಕಲೆಗೆ ಕಳಂಕವಾಗಿದ್ದರೆ ನಮ್ಮ ಮನೆಗಳ ಗೋಡೆಗಳಿಗೆ ಕಲೆ ಬರುತ್ತಲೇ ಇರಲಿಲ್ಲ.

ಆಫ್ರಿಕಾದ ಪ್ರಾಣಿಚಿತ್ರದ ವಿಷಯದಲ್ಲಂತೂ ಅಗ್ಗದ ಬಗೆಗಿನ ಈ ತಾತ್ಸಾರ ಇನ್ನೂ ಹಾಸ್ಯಾಸ್ಪದ. ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಎಡ್ವರ್ಡ್ ಸಈದಿ ಟಿಂಗಾಟಿಂಗಾ ಎಂಬ ಕೂಲಿಗಾರ 1968ರ ಸುಮಾರಿಗೆ ಚಿತ್ರ ಬರೆಯತೊಡಗಿದ. ಕ್ಯಾನ್ವಾಸಿಗೆ ದುಡ್ಡಿರಲಿಲ್ಲ, ಛಾವಣಿಗೆ ಹಾಕುವಂಥ ಗಟ್ಟಿ ಹಲಗೆಯನ್ನು ಚೌಕವಾಗಿ ಕತ್ತರಿಸಿಕೊಂಡ. ಎಣ್ಣೆಬಣ್ಣಕ್ಕೆ ದುಡ್ಡಿರಲಿಲ್ಲ, ಸೈಕಲ್ಲಿಗೆ ಬಳಿಯುವ ಬಣ್ಣ ತಂದ. ಚಿರತೆ, ಆನೆ, ಹಕ್ಕಿಗಳನ್ನು ಬರೆದು ರಸ್ತೆಬದಿಯಲ್ಲಿ ಅಗ್ಗಕ್ಕೆ ಮಾರಿದ. 1972ರಲ್ಲಿ ಪೊಲೀಸರ ಗುಂಡು ತಪ್ಪಿ ತಗುಲಿ ಸತ್ತಾಗ ಅವನಿಗೆ ಸುಮಾರು ನಲವತ್ತು ವರ್ಷ. ಇಂದು ಆ ಶೈಲಿಗೆ ಅವನದೇ ಹೆಸರು. ಅವನ ಬಂಧುಗಳೂ ಶಿಷ್ಯರೂ ಕಟ್ಟಿದ ಸಹಕಾರ ಸಂಘದಲ್ಲಿ ಚಿತ್ರಗಾರರು ಹೆಸರು ಹಾಕಿ ಚಿತ್ರ ಮಾರುತ್ತಾರೆ. ಎಂದರೆ, ಆಫ್ರಿಕಾದ ಪ್ರಾಣಿಗಳ ಅಗ್ಗದ ಚಿತ್ರ ಬೇಕೆಂದವನಿಗೆ ಆಫ್ರಿಕಾದವನೇ ಬರೆದ ಅಗ್ಗದ ಚಿತ್ರದ ಪರಂಪರೆಯೊಂದು ಎದುರಿಗೇ ಇದೆ. ನಮ್ಮ ಹಿರಿಯ ಮಿತ್ರರಿಗೆ ಅದು ಸಿಗದಿದ್ದುದು ಹಣದ ಕೊರತೆಯಿಂದ ಅಲ್ಲ, ಕೇಳದ್ದರಿಂದ.

ಎರಡನೆಯ ಪಕ್ಷದವರು, ಪರದೇಶದ ಪ್ರಾಣಿ ನಮಗೇಕೆ, ನಾಗರಹೊಳೆಯ ಹುಲಿಯನ್ನು ಹಾಕಿ ಎಂದರು. ಇದು ಕೇಳಲು ಸೊಗಸು. ಆದರೆ ಹೆಸರಿಲ್ಲದ ಸಿಂಹದ ಜಾಗಕ್ಕೆ ಹೆಸರಿಲ್ಲದ ಹುಲಿ ಬಂದರೆ ಏನು ಬದಲಾಯಿತು? ಕೊಂಢವಾದಿಂದ ಬೋಪದೇವ ಘಾಟ ಹತ್ತಿ ಇಳಿದರೆ ಸಾಸವಡ; ಆ ಸೀಮೆಯ ಹುಲ್ಲುಗಾವಲುಗಳಲ್ಲಿ ತೋಳಗಳು ಇಂದಿಗೂ ಕುರಿಹಿಂಡುಗಳ ಹಿಂದೆ ತಿರುಗುತ್ತವೆ. ಅಲ್ಲಿ ಪ್ಲಾಟು ಕೊಂಡವರು ನಮ್ಮ ಕೂಟದಲ್ಲೇ ಇದ್ದಾರೆ. ‘ನಮ್ಮ ಪ್ರಾಣಿ’ ಎಂದು ಎದೆ ತಟ್ಟಿಕೊಂಡವರಲ್ಲಿ ಒಬ್ಬರೂ ಆ ತೋಳದ ಚಿತ್ರ ಕೇಳಲಿಲ್ಲ. ಇನ್ನು ಪರದೇಶದ ಮರವೆಂದು ಹಳಿದ ಆ ಕೊಡೆಮರ ನಮ್ಮ ಹೊಲದ ಬದುವಿನ ಕರಿಜಾಲಿಯ ಹತ್ತಿರದ ನಂಟ. ಕರಿಜಾಲಿಯ ಶಾಸ್ತ್ರೀಯ ಹೆಸರಿನಲ್ಲಿಯೇ ನೈಲ್ ನದಿ ಇದೆ. ಎಲ್ಲಿ ನಮ್ಮದು ಮುಗಿದು ಅವರದು ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಗೋಡೆ ಅಲಂಕರಿಸುವವರು ಬಗೆದಷ್ಟು ಸುಲಭವಲ್ಲ.

ಭಾರತದಲ್ಲಿ ಬರೆದ ಪ್ರಾಣಿಚಿತ್ರಗಳಲ್ಲಿ ಅತ್ಯಂತ ಹೆಸರಾದವುಗಳಲ್ಲಿ ಒಂದು ಆಫ್ರಿಕಾದ ಪ್ರಾಣಿಯದೇ. 1621ರಲ್ಲಿ ಜಹಾಂಗೀರನ ಆಸ್ಥಾನಕ್ಕೆ ಒಂದು ಜೀಬ್ರಾ ಬಂತು. ಯಾರೋ ಬಣ್ಣ ಬಳಿದಿದ್ದಾರೆಂಬ ಸಂಶಯ ಹುಟ್ಟಿ, ಪರೀಕ್ಷಿಸಿ, ಪಟ್ಟೆಗಳು ಹುಟ್ಟಿನಿಂದಲೇ ಬಂದವೆಂದು ಖಚಿತಪಡಿಸಿಕೊಂಡರು. ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಚಿತ್ರದ ಮೇಲೆ ಬಾದಶಹನ ಬರಹವಿದೆ: ಪ್ರಾಣಿ ಬಂದದ್ದು ಅಬಿಸೀನಿಯಾದಿಂದ, ತಂದವರು ಇಂಥವರು, ಬರೆದವನು ಮನ್ಸೂರ್. ಪ್ರಾಣಿಯ ನೆಲ, ತಂದವರ ಹೆಸರು, ಬರೆದವನ ಹೆಸರು ಮೂರೂ ಒಂದೇ ಹಾಳೆಯಲ್ಲಿ. ನಾಲ್ಕು ನೂರು ವರ್ಷಗಳ ಹಿಂದಿನವರಿಗೆ ಅವಶ್ಯವೆನಿಸಿದ ಈ ಮೂರು ಸಂಗತಿಗಳಲ್ಲಿ ಒಂದೂ ಇಂದು ನಮ್ಮ ಗೋಡೆಯ ಮೇಲಿನ ಆರು ಚಿತ್ರಗಳಲ್ಲಿ ಇಲ್ಲ.

ಆದರೆ ಮನ್ಸೂರನ ಜೀಬ್ರಾವನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧಸತ್ಯ ಹೇಳಿದಂತಾಗುತ್ತದೆ. ಅದೇ ಜಹಾಂಗೀರನಿಗಾಗಿ ಅಬುಲ್ ಹಸನ್ ಬರೆದ ಇನ್ನೊಂದು ಚಿತ್ರ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ಬಾದಶಹ ಭೂಗೋಳದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಒಬ್ಬ ಕಪ್ಪುಮನುಷ್ಯನ ತಲೆಗೆ ಬಾಣ ಬಿಡುತ್ತಾನೆ. ಆ ತಲೆ ಮಲಿಕ್ ಅಂಬರನದು. ಅಬಿಸೀನಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿನಲ್ಲಿ ನಿಜಾಮಶಾಹಿಯ ಸೂತ್ರ ಹಿಡಿದು, ಇಲ್ಲಿಗೆ ಹತ್ತಿರದ ಜುನ್ನರವನ್ನು ಕೆಲಕಾಲ ರಾಜಧಾನಿಯಾಗಿಸಿದವನು ಆತ. ಮೊಗಲರಿಗೆ ಅವನ ತಲೆ ಎಂದೂ ಸಿಗಲಿಲ್ಲ. 1626ರಲ್ಲಿ ಮುಪ್ಪಿನಿಂದ ಸತ್ತ. ಯುದ್ಧದಲ್ಲಿ ಸಿಗದ ತಲೆಯನ್ನು ಚಿತ್ರದಲ್ಲಿ ಕಡಿಸಿದರು. ಒಂದೇ ಆಸ್ಥಾನ, ಹೆಚ್ಚುಕಡಿಮೆ ಒಂದೇ ಕಾಲ. ಅಬಿಸೀನಿಯಾದ ಪ್ರಾಣಿಗೆ ಅಕ್ಕರೆ, ಅಬಿಸೀನಿಯಾದ ಮನುಷ್ಯನಿಗೆ ಬಾಣ.

ಇದು ಹಳೆಯ ಕಥೆಯೆಂದು ಯಾರೂ ಸಮಾಧಾನಪಡಬೇಕಿಲ್ಲ. ಪುಣೆಗೆ ಓದಲು ಬರುವ ಆಫ್ರಿಕಾದ ವಿದ್ಯಾರ್ಥಿಗಳಲ್ಲಿ ಅನೇಕರು ಕೊಂಢವಾದಲ್ಲಿ ಮನೆ ಹುಡುಕುತ್ತಾರೆ. ಜನವರಿಯ ಸಭೆಗೆ ನಮ್ಮಲ್ಲಿ ಇಬ್ಬರು ಬೇಗ ಬಂದು ಕುಳಿತಿದ್ದೆವು. ತಾಂಜಾನಿಯಾದ ಮೋಶಿ ಎಂಬ ಊರಿನ ತರುಣನೊಬ್ಬ ಮನೆ ಕೇಳಿಕೊಂಡು ಬಂದ. ನಮ್ಮ ಮಿತ್ರರು ಒಳಗೆ ಫೋನಿನಲ್ಲಿದ್ದರು. ಕಾಯುತ್ತ ಆತ ಗೋಡೆಯ ಚಿತ್ರಗಳನ್ನು ನೋಡಿ, ಜಿರಾಫೆಗಳ ಹಿಂದಿನ ಹಿಮದ ಬೆಟ್ಟವನ್ನು ತೋರಿಸಿ, “ಇದು ಕಿಲಿಮಾಂಜಾರೊ, ನಮ್ಮ ಮನೆಯ ಹಿತ್ತಿಲಿಂದ ಕಾಣುತ್ತದೆ. ಆದರೆ ಚಿತ್ರ ಕೆನ್ಯಾದ ಕಡೆಯದು. ಅಲ್ಲಿಂದ ನೋಡಿದರೆ ಚಿಕ್ಕ ಶಿಖರ ಎಡಕ್ಕೆ ಬರುತ್ತದೆ, ನಮ್ಮ ಕಡೆಯಿಂದ ಬಲಕ್ಕೆ” ಎಂದ. ಎರಡು ತಿಂಗಳು ಆ ಚಿತ್ರದ ಕೆಳಗೆ ಕುಳಿತ ನಮಗಾರಿಗೂ ಅದು ಯಾವ ಬೆಟ್ಟವೆಂದು ಕೇಳಬೇಕೆನಿಸಿರಲಿಲ್ಲ.

ಮಿತ್ರರು ಹೊರಗೆ ಬಂದರು. ಆತನನ್ನು ನೋಡಿದರು. “ಸೊಸೈಟಿಯವರು ಒಪ್ಪುವುದಿಲ್ಲ” ಎಂದರು. ಯಾವ ಸೊಸೈಟಿ ಎಂದು ಆತ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿದ್ದಿರಬೇಕು. ವಂದಿಸಿ ಹೊರಟುಹೋದ. ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಚಹಾ ಬಂತು, ಕುಡಿದೆವು.

ಚಿತ್ರಕ್ಕೂ ಮನೆ ಸಿಗದ್ದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಆರು ಚಿತ್ರಗಳಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ, ಸಂಬಂಧ ಅಲ್ಲಿದೆ. ಜಿರಾಫೆಗಳು ಮೇಯುವ ಆ ಬಯಲಿನಲ್ಲಿ ಮಸಾಯಿ ಜನ ದನ ಕಾಯುತ್ತಾರೆ. ಸೆರೆಂಗೆಟಿಯ ಉದ್ಯಾನದಿಂದ ಮಸಾಯಿಗಳನ್ನು 1959ರಲ್ಲಿ ಹೊರಹಾಕಲಾಯಿತು. ಅಲ್ಲಿಯ ನಿರ್ಜನತೆ ನಿಸರ್ಗದ ಕೊಡುಗೆಯಲ್ಲ, ಆಡಳಿತದ ಕೆಲಸ. ಮನುಷ್ಯರನ್ನು ಅಳಿಸಿದ ಆಫ್ರಿಕಾವನ್ನೇ ದಿನವೂ ನೋಡುವ ಕಣ್ಣಿಗೆ, ಆಫ್ರಿಕಾದ ಮನುಷ್ಯ ಬಾಗಿಲಲ್ಲಿ ಬಂದು ನಿಂತಾಗ ಆತ ಎಲ್ಲಿಂದಲೋ ತಪ್ಪಿ ಬಂದವನಂತೆ ಕಾಣುತ್ತಾನೆ. ಈ ಕಣ್ಣು ನಮ್ಮ ನಾಡಿನಲ್ಲೂ ಇದೆ. ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳು ಶತಮಾನಗಳಿಂದ ನಮ್ಮವರು. ಬೆಂಗಳೂರಿಗೆ ಬಂದ ಸಿದ್ದಿ ಹುಡುಗ ಕನ್ನಡದಲ್ಲೇ ಮಾತಾಡಿದರೂ ಯಾವ ದೇಶದವನೆಂಬ ಪ್ರಶ್ನೆ ಅವನಿಗೆ ತಪ್ಪುವುದಿಲ್ಲ.

ಇದನ್ನು ನಮ್ಮ ಮಿತ್ರರ ಮುಂದಿಟ್ಟೆವು. “ಗೋಡೆ ನನ್ನದು, ಮನೆಗಳು ನನ್ನವಲ್ಲ. ಮಾಲೀಕರು ಹೇಳಿದಂತೆ ನಾನು ಹೇಳುತ್ತೇನೆ. ಜೊತೆಗೆ ವಿದೇಶಿಯರಿಗೆ ಮನೆ ಕೊಟ್ಟರೆ ಫಾರ್ಮು ತುಂಬಬೇಕು, ಪೊಲೀಸ್ ರಗಳೆ ಬೇರೆ” ಎಂದರು. ಮೊದಲ ಮಾತಿನಲ್ಲಿ ಸತ್ಯವಿದೆ. ಎರಡನೆಯದರಲ್ಲಿ ಇಲ್ಲ. ಕಳೆದ ವರ್ಷ ಜರ್ಮನಿಯ ಇಂಜಿನಿಯರೊಬ್ಬರಿಗೆ ಅವರೇ ಮನೆ ಕೊಡಿಸಿದ್ದರು. ಆತನಿಗೂ ಅದೇ ಫಾರ್ಮು. ಅಂದು ಅದು ರಗಳೆಯೆನಿಸಲಿಲ್ಲ. ಬಾಗಲಕೋಟೆ, ವಿಜಯಪುರಗಳಿಂದ ಈ ಊರಿಗೆ ಬಂದು ಖೋಲಿ ಹುಡುಕುವಾಗ ಊರು, ಜಾತಿ, ಊಟ ಎಲ್ಲವನ್ನೂ ಕೇಳಿಸಿಕೊಂಡು ಮೆಟ್ಟಿಲಿಳಿದ ಅನುಭವ ನಮ್ಮ ಕೂಟದ ಹಿರಿಯರಲ್ಲಿ ಹಲವರಿಗಿದೆ. ಆ ಕಥೆಯನ್ನು ರಾಜ್ಯೋತ್ಸವದ ಭಾಷಣದಲ್ಲಿ ಹೇಳುವವರು ಅದೇ ಮೆಟ್ಟಿಲನ್ನು ಇನ್ನೊಬ್ಬನಿಗೆ ತೋರಿಸಬಾರದು.

ಆದ್ದರಿಂದ ನಮ್ಮ ನಿಲುವು ಇದು. ಕಚೇರಿಯ ಗೋಡೆಗೆ ಆಫ್ರಿಕಾದ ಪ್ರಾಣಿಗಳ ಚಿತ್ರ ಬೇಕೆನ್ನುವವರು ಧಾರಾಳವಾಗಿ ಹಾಕಲಿ, ಅಗ್ಗದ್ದನ್ನೇ ಹಾಕಲಿ. ಆದರೆ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಲಿ: ಬರೆದವರು ಯಾರು? ಪ್ರಾಣಿ ಯಾವುದು, ನೆಲ ಯಾವುದು? ಕೊಟ್ಟ ಹಣದಲ್ಲಿ ಬರೆದವರಿಗೆ ಪಾಲಿದೆಯೇ? ಬದುಕಿರುವ ಚಿತ್ರಗಾರರ ಹೆಸರುಳ್ಳ ಅಚ್ಚು ಹೆಸರಿಲ್ಲದ್ದಕ್ಕಿಂತ ತುಸು ದುಬಾರಿಯಾದರೆ ಆರರ ಬದಲು ಎರಡು ಕೊಳ್ಳಲಿ. ಅದೂ ಆಗದಿದ್ದರೆ ಮನ್ಸೂರನಂಥವರ ಹಳೆಯ ಚಿತ್ರಗಳಿವೆ. ಕೃತಿಸ್ವಾಮ್ಯ ತೀರಿ ಶತಮಾನಗಳಾದ ಅವಕ್ಕೆ ಕಾಗದ, ಶಾಯಿ, ಚೌಕಟ್ಟಿನ ಖರ್ಚಷ್ಟೆ. ಒಂದು ಷರತ್ತು: ಚೌಕಟ್ಟಿಗೆ ಹೊಂದಲಿಲ್ಲವೆಂದು ಬಾದಶಹನ ಬರಹವನ್ನು ಕತ್ತರಿಸಬಾರದು.

ಫೆಬ್ರುವರಿಯಲ್ಲಿ ನಾವು ಕೂಟದ ನಿಧಿಯಿಂದ ಮನ್ಸೂರನ ಜೀಬ್ರಾದ ಅಚ್ಚೊಂದನ್ನು ಮಾಡಿಸಿ, ಕೆಳಗೆ ಕನ್ನಡದಲ್ಲಿ ವಿವರ ಬರೆಸಿ, ಮಿತ್ರರಿಗೆ ಕೊಟ್ಟೆವು. ಹುಲಿಯನ್ನು ಇಳಿಸಿ ಅದನ್ನು ಹಾಕಿದ್ದಾರೆ. ಅಷ್ಟಕ್ಕೆ ನಮ್ಮ ಕೆಲಸ ಮುಗಿಯಿತೆಂದು ನಾವು ಭಾವಿಸಿಲ್ಲ. ಜಹಾಂಗೀರನ ಬಳಿಯೂ ಆ ಚಿತ್ರವಿತ್ತು. ನಮ್ಮ ಕೂಟದಲ್ಲಿ ಕೊಂಢವಾದಲ್ಲಿ ಬಾಡಿಗೆಗೆ ಕೊಡುವ ಮನೆಯುಳ್ಳವರು ಮೂವರಿದ್ದಾರೆ. ಯಾವ ದೇಶದವರೆಂಬ ಕಾರಣಕ್ಕೆ ಮನೆ ನಿರಾಕರಿಸಬೇಡಿರೆಂದು ಮಿತ್ರರಿಗೆ ಬರೆದುಕೊಡುವಂತೆ ಆ ಮೂವರನ್ನೂ ಕೇಳಿದೆವು. ಇಬ್ಬರು ಬರೆದುಕೊಟ್ಟಿದ್ದಾರೆ. ಮೂರನೆಯವರು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ. ಮೋಶಿಯ ತರುಣನ ನಂಬರು ನಮ್ಮಲ್ಲಿ ಯಾರ ಬಳಿಯೂ ಇಲ್ಲ, ಅಂದು ಕೇಳಿಟ್ಟುಕೊಳ್ಳಬೇಕಾಗಿತ್ತು.